ತುಂಬೆಗೆ ಗೊಬ್ಬರ ಸುರಿಯಬೇಡಿ

ಶಿವರಾತ್ರಿ ಬಂತು ಅಂದರೆ ಎಲ್ಲರಿಗೂ ತುಂಬೆ ಹೂವಿನ ನೆನಪಾಗುತ್ತದೆ. ಗಿಡ ತಂದು, ಕುಂಡದ ತುಂಬ ಎರೆಗೊಬ್ಬರ ಹಾಕಿ, ಎರಡು ಹೊತ್ತು ನೀರು ಹುಯ್ದು, ಆಮೇಲೆ ಬೇರು ಕೊಳೆಯಿತು ಅಂತ ಗೋಳಾಡುತ್ತಾರೆ. ರಾಗಿ ಹೊಲದ ಬದುವಿನಲ್ಲಿ ಯಾರೂ ಕೇಳದೆ ಬೆಳೆಯುವ ಗಿಡಕ್ಕೆ ಇಷ್ಟೆಲ್ಲ ಉಪಚಾರ ಯಾಕೆ?

ಮೊದಲು ಗುರುತು ಹಿಡಿಯುವುದನ್ನು ಕಲಿಯಿರಿ. ಬಿಳಿ ಹೂವೆಂದು ಕಾಂಗ್ರೆಸ್ ಗಿಡ ಕಿತ್ತು ತರುವವರನ್ನೂ ನೋಡಿದ್ದೇನೆ! ತುಂಬೆಯ ಕಾಂಡವನ್ನು ಬೆರಳಲ್ಲಿ ಹೊರಳಿಸಿದರೆ ನಾಲ್ಕು ಮೂಲೆ ಸಿಗುತ್ತವೆ. ಎಲೆ ಸಪೂರ, ಸ್ವಲ್ಪ ಒರಟು. ಎತ್ತರ ಒಂದಡಿ, ಜಾಸ್ತಿ ಅಂದರೆ ಎರಡಡಿ. ಗಿಣ್ಣಿನ ಸುತ್ತ ಹಸಿರು ಬಟ್ಟಲುಗಳು ಒತ್ತಾಗಿರುತ್ತವೆ, ಒಂದೊಂದರಿಂದಲೂ ಬಿಳಿ ಹೂ ಇಣುಕುತ್ತದೆ. ಮೇಲ್ತುಟಿಗೆ ನವಿರಾದ ರೋಮ, ಕೆಳತುಟಿ ಅಗಲ. ಆಳೆತ್ತರ ಬೆಳೆದು ಮುಳ್ಳುಚೆಂಡಿನಲ್ಲಿ ಕಿತ್ತಳೆ ಬಣ್ಣದ ಹೂ ಬಿಡುವುದು ಇದರ ನೆಂಟ, ಇದಲ್ಲ.

ಪೂಜೆಗೆ ಹೂ ಬಿಡಿಸುವಾಗ ಗೊಂಚಲನ್ನೇ ಚಿವುಟಬೇಡಿ. ಬಿಳಿಯದನ್ನು ಮಾತ್ರ ಮೆಲ್ಲಗೆ ಎಳೆದರೆ ಬಟ್ಟಲು ಗಿಡದಲ್ಲೇ ಉಳಿಯುತ್ತದೆ. ಚಿಕ್ಕವರಿದ್ದಾಗ ನಾವು ಹಾಗೆ ಎಳೆದು ಬುಡದ ಜೇನು ಹೀರುತ್ತಿದ್ದೆವು. ದೇವರಿಗೆ ಉಳಿದದ್ದು ಕಡಿಮೆಯೇ ಬಿಡಿ.

ಬೀಜ ಇರುವುದು ಆ ಬಟ್ಟಲಲ್ಲೇ, ನಾಲ್ಕು ಸಣ್ಣ ಕಂದು ಕಾಳು. ಗಿಡ ಪೂರ್ತಿ ಒಣಗಲಿ ಅಂತ ಕಾದರೆ ಎಲ್ಲವೂ ನೆಲ ಸೇರಿರುತ್ತದೆ. ಕೆಳಗಿನ ಗಿಣ್ಣು ಕಂದಾಗಿ, ತುದಿಯಲ್ಲಿ ಇನ್ನೂ ಹೂ ಇರುವಾಗಲೇ ಕೊಯ್ಯಬೇಕು. ಅದೂ ಬೆಳಿಗ್ಗೆ, ಇಬ್ಬನಿ ಆರುವ ಮೊದಲು. ಬಿಸಿಲೇರಿದರೆ ಕೈ ತಾಗಿದ್ದಕ್ಕೇ ಉದುರುತ್ತದೆ. ಕೊಯ್ಯುವಾಗ ಕಾಂಡ ಬಗ್ಗಿಸಬಾರದು, ನೆಟ್ಟಗೇ ಹಿಡಿದು ಕತ್ತರಿಸಿ. ಕೂಡಲೇ ಹಳೆ ಹತ್ತಿ ಸೀರೆಯ ತುಂಡಿನಲ್ಲಿ ತಲೆಕೆಳಗಾಗಿ ಸಡಿಲವಾಗಿ ಸುತ್ತಿ, ನೆರಳಲ್ಲಿ ಗಾಳಿಗೆ ನೇತುಹಾಕಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ಬೂಸ್ಟು ಹಿಡಿಯುತ್ತದೆ. ಗರಗರ ಒಣಗಿದ ಮೇಲೆ ಸೀರೆ ಸಮೇತ ಉಜ್ಜಿ, ಮೊರದಲ್ಲಿ ಕೇರಿ. ಮೊರ ಅಂದಾಗ ನೆನಪಾಯಿತು, ಸಂದಿಗೆ ಮೆಂತ್ಯದ ಹಿಟ್ಟು ಬಳಿದು ಒಣಗಿಸಿರಬೇಕು. ಈಗಿನವರ ಮೊರದಲ್ಲಿ ಸಾಸಿವೆಯೂ ನಿಲ್ಲುವುದಿಲ್ಲ.

ಮುಂಗಾರು ಹಿಡಿದ ಮೇಲೆ ಬೀಜಕ್ಕೆ ಒಂದು ಹಿಡಿ ಮರಳು ಬೆರೆಸಿ ಬಿಸಿಲು ಬೀಳುವ ಕಡೆ ಎರಚಿ, ಅಂಗೈಯಿಂದ ಒತ್ತಿ. ಹೂಳಬೇಡಿ. ಮಳೆ ಕೈಕೊಟ್ಟರೆ ನೀರು ಚಿಮುಕಿಸಿದರೆ ಸಾಕು. ಹೂ ಮುಗಿದು ಗಿಡ ಒಣಗತೊಡಗಿದಾಗ ರೋಗ ಬಂತು ಅಂತ ಔಷಧಿ ಹೊಡೆಯಲು ಓಡಬೇಡಿ. ಅದರ ಆಯಸ್ಸೇ ಅಷ್ಟು.