ಟ್ಯಾಂಕಿಗೆ ನೀರೂ ಬೇಡ, ಕಾವೂ ಬೇಡ: ಬೇಯಲ್ಲಿ ನಿಂತ ವಿಮಾನದ ಆರೈಕೆ

ಚಿಕ್ಕಬಳ್ಳಾಪುರದಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಶಿಫ್ಟಿಗೆ ಹೋಗಿಬರುವ ಹೊಸಬರಿಗಾಗಿ ಇದು: ಬೇಯಲ್ಲಿ, ಅಂದರೆ ವಿಮಾನ ನಿಲ್ಲಿಸುವ ಜಾಗದಲ್ಲಿ, ಇಂಧನದ ಟ್ಯಾಂಕನ್ನು ನೋಡಿಕೊಳ್ಳುವ ಬಗೆ. ಆಯಾ ವಿಮಾನದ ಮ್ಯಾನ್ಯುಯಲ್ ಹೇಳಿದ್ದೇ ಕೊನೆಯ ಮಾತು. ಅದು ಯಾಕೆ ಹಾಗೆ ಹೇಳುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಮೊದಲು ನೀರು. ಎತ್ತರದಲ್ಲಿ ಹಾರಿ ತಣ್ಣಗಾದ ಟ್ಯಾಂಕು, ವಿಮಾನ ಇಳಿಯುವಾಗ ವೆಂಟಿನಿಂದ (ಗಾಳಿಕಿಂಡಿಯಿಂದ) ತೇವದ ಗಾಳಿ ಎಳೆದುಕೊಳ್ಳುತ್ತದೆ. ಆ ತೇವ ಒಳಗೋಡೆಯ ಮೇಲೆ ಬೆವರಿನಂತೆ ಮೂಡಿ ತಳ ಸೇರುತ್ತದೆ. ನಂದಿ ಬೆಟ್ಟದ ಮೇಲೆ ಮೋಡ ಕೂತಿರುವ ಮಳೆಗಾಲದಲ್ಲಂತೂ ಡ್ರೈನ್, ಅಂದರೆ ತಳದ ವಾಲ್ವಿನಿಂದ ಆ ನೀರು ತೆಗೆಯುವುದನ್ನು, ತಪ್ಪಿಸಲೇಬೇಡಿ. ವಿಮಾನ ಸಾಕಷ್ಟು ಹೊತ್ತು ನಿಂತ ಮೇಲೆ, ಇಂಧನ ತುಂಬುವ ಮೊದಲೇ ತೆಗೆಯಿರಿ. ತುಂಬಿದರೆ ತಳದ ನೀರು ಕದಡುತ್ತದೆ. ಜೆಟ್ ಇಂಧನದಲ್ಲಿ ಅದು ಒಂದಡಿ ಇಳಿಯಲು ಸುಮಾರು ಒಂದು ಗಂಟೆ ಬೇಕು.

ಗಾಜಿನ ಜಾರಿನಲ್ಲಿ ಹಿಡಿದು ಬೆಳಕಿಗೆ ಎತ್ತಿ. ನೀರು ಕೆಳಗೆ, ಇಂಧನ ಮೇಲೆ, ನಡುವೆ ಗೆರೆ. ಮೋಸಹೋಗುವುದು ಎಲ್ಲಿ ಗೊತ್ತೇ? ಬಂದದ್ದೆಲ್ಲ ನೀರೇ ಆಗಿದ್ದರೆ ಗೆರೆಯೇ ಇರುವುದಿಲ್ಲ, ಜಾರು ತಿಳಿಯಾಗಿ ಕಾಣುತ್ತದೆ. ಅದಕ್ಕೇ ನೀರು ಪತ್ತೆಯ ಕ್ಯಾಪ್ಸೂಲ್ ಹಾಕಲೇಬೇಕು. ಹಳದಿ ಹಸಿರಾದರೆ ನೀರಿದೆ. ಕಂದು ಲೋಳೆ ಕಂಡರೆ ಶಿಲೀಂಧ್ರ ಬೆಳೆದಿರಬಹುದು, ಕೂಡಲೇ ಎಂಜಿನಿಯರಿಗೆ ತೋರಿಸಿ. ಡ್ರೈನ್ ವಾಲ್ವ್ ಮುಚ್ಚಿದ ಮೇಲೂ ತೊಟ್ಟಿಕ್ಕುತ್ತಿದ್ದರೆ ಸೀಲಿನಲ್ಲಿ ಕಸ ಸಿಕ್ಕಿರಬಹುದು. ಎರಡು ಮೂರು ಸಲ ಒತ್ತಿ ಬಿಟ್ಟು ತೊಳೆಯಿರಿ.

ಇಂಧನ ತುಂಬುವಾಗ ಬಾಂಡಿಂಗ್ ಕೇಬಲ್ (ಸ್ಥಿರ ವಿದ್ಯುತ್ತಿನ ಕಿಡಿ ಹಾರದಂತೆ ಲಾರಿ, ವಿಮಾನ ಎರಡನ್ನೂ ಜೋಡಿಸುವ ತಂತಿ) ಮೊದಲು ಹಾಕಿ, ಕೊನೆಗೆ ತೆಗೆಯಿರಿ. ಬೌಸರ್ (ಇಂಧನ ತರುವ ಟ್ಯಾಂಕರ್) ಮೀಟರು ಲೀಟರಿನಲ್ಲಿ, ಕಾಕ್‌ಪಿಟ್ ಕಿಲೋದಲ್ಲಿ ಹೇಳುತ್ತದೆ: ಸಾಂದ್ರತೆ 0.80 ಇದ್ದರೆ 10,000 ಕಿಲೋಗೆ 12,500 ಲೀಟರ್, ಬಿಸಿಲಿಗೆ 0.79ಕ್ಕೆ ಇಳಿದರೆ ಸುಮಾರು 12,660.

ಇನ್ನು ಕಾವು. ಜೆಟ್ ಎ-1 ಎಂಬ ಈ ಜೆಟ್ ಇಂಧನದ ಆವಿ ಹೊತ್ತಿಕೊಳ್ಳಬಲ್ಲ ಕನಿಷ್ಠ ಮಟ್ಟ 38 ಡಿಗ್ರಿ. ಅನೇಕ ವಿಮಾನಗಳಲ್ಲಿ ಎಸಿ ಪ್ಯಾಕುಗಳು (ಕ್ಯಾಬಿನ್ ತಣಿಸುವ ವಿಮಾನದ್ದೇ ಯಂತ್ರಗಳು) ಸೆಂಟರ್ ಟ್ಯಾಂಕಿನ, ಅಂದರೆ ವಿಮಾನದ ಹೊಟ್ಟೆಯ ನಡುವಿನ ಟ್ಯಾಂಕಿನ, ಅಡಿಯಲ್ಲೇ ಇವೆ. ಅವು ಓಡಿದಷ್ಟೂ ತಳ ಕಾಯುತ್ತದೆ. ಟ್ಯಾಂಕು ತುಂಬಿದ್ದರೆ ಬೇಗ ಬಿಸಿಯೇರದು. ತಳದಲ್ಲಿ ಒಂದಿಷ್ಟೇ ಉಳಿದಿದ್ದರೆ ಅಪಾಯ. 1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಹೊರಟ 747ರ ಸೆಂಟರ್ ಟ್ಯಾಂಕ್ ಸಿಡಿದು 230 ಜನ ಸತ್ತರು. ಹೊರಡುವ ಮೊದಲು ಅದರ ಪ್ಯಾಕುಗಳು ಎರಡು ಗಂಟೆಗೂ ಹೆಚ್ಚು ಓಡಿದ್ದವು. ಈಚಿನ ವಿಮಾನಗಳ ಟ್ಯಾಂಕಿಗೆ ಸಾರಜನಕ ತುಂಬುವ ವ್ಯವಸ್ಥೆ ಇದೆ, ಆದರೂ ಕಾವು ಕಡಿಮೆಯಿದ್ದಷ್ಟು ಒಳ್ಳೆಯದು.

ಹಾಗಾಗಿ ಪ್ಯಾಕಿನ ಬದಲು ಬೇಯ ಯೂನಿಟ್ಟಿನಿಂದ ಹೋಸ್ ಮೂಲಕ ಕೊಡುವ ತಂಪುಗಾಳಿ ಪ್ರಯಾಣಿಕರ ಸುಖಕ್ಕಷ್ಟೇ ಅಲ್ಲ. ವಿಮಾನ ನಿಂತ ಕೂಡಲೇ ಹೋಸ್ ಹಾಕಿ. ಅದಕ್ಕೂ ಮೊದಲು ಔಟ್‌ಫ್ಲೋ ವಾಲ್ವ್ (ಕ್ಯಾಬಿನ್ ಗಾಳಿ ಹೊರಬಿಡುವ ಕವಾಟ) ತೆರೆದಿದೆಯೇ ಕೇಳಿ. ಇಲ್ಲವಾದರೆ ಬಾಗಿಲು ಮುಚ್ಚಿದಾಗ ಒಳಗೆ ಒತ್ತಡ ಏರುತ್ತದೆ. ಪ್ಯಾಕ್ ಆಫ್ ಆಗಿದೆಯೆಂದು ಖಚಿತಪಡಿಸಿಕೊಂಡೇ ಗಾಳಿ ಬಿಡಿ. ಹೋಸನ್ನು ಉದ್ದಕ್ಕೂ ಎಳೆದು ನೇರ ಮಾಡಿ, ಒಂದೇ ಒಂದು ಮಡಿಕೆಯಿದ್ದರೂ ಕ್ಯಾಬಿನ್ ತಣಿಯದು. ಆಗ ಒಳಗಿನವರು ಬೇಸತ್ತು ಎಪಿಯು (ವಿಮಾನದ ಬಾಲದಲ್ಲಿರುವ ಪುಟ್ಟ ಸಹಾಯಕ ಎಂಜಿನ್), ಪ್ಯಾಕ್ ಹಾಕಿಬಿಡುತ್ತಾರೆ. ಕಿಟಕಿಯ ಷೇಡುಗಳನ್ನೂ ಇಳಿಸಲು ಹೇಳಿ. ತೆಗೆಯುವಾಗ ಯೂನಿಟ್ ಆಫ್ ಮಾಡಿ, ಹೋಸ್ ಪೂರ್ತಿ ಸೊರಗಿದ ಮೇಲೆ ಕಳಚಿ, ಪ್ಯಾನೆಲ್ ಮುಚ್ಚಿ, ಲಾಕನ್ನು ಕೈಯಿಂದ ತಟ್ಟಿ ನೋಡಿ.