ಪಳಗಿದ ಪಿಚರ್‌ಗೆ ಎಳೆಯ ಬ್ಯಾಟರ್: ಬೇಸ್‌ಬಾಲ್ ಟ್ರೇಡ್ ತೂಗುವುದು ಹೇಗೆ?

ಜುಲೈ ಕೊನೆಯ ವಾರ ಬಂತೆಂದರೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಆಟಕ್ಕಿಂತ ವ್ಯಾಪಾರದ ಸದ್ದೇ ಜೋರು. ಪ್ರಶಸ್ತಿಯ ಆಸೆಯಿರುವ ತಂಡಕ್ಕೆ ಪಿಚರ್ (ಚೆಂಡೆಸೆಯುವವನು, ನಮ್ಮ ಬೌಲರ್ ಇದ್ದಂತೆ) ಬೇಕು. ಆಸೆ ಕೈಬಿಟ್ಟ ತಂಡದ ಬಳಿ ಪಳಗಿದ ಪಿಚರ್ ಇದ್ದಾನೆ. ಮೊದಲ ತಂಡದ ಕೆಳಹಂತವಾದ ಮೈನರ್ ಲೀಗ್‌ನಲ್ಲಿ ಚೆನ್ನಾಗಿ ಹೊಡೆಯುವ ಹುಡುಗನೊಬ್ಬ ಕಾಯುತ್ತಿದ್ದಾನೆ, ಆದರೆ ಅವನು ಆಡಬೇಕಾದ ಜಾಗದಲ್ಲಿ ಮೇಲೆ ದೊಡ್ಡ ಹೆಸರಿನವನೊಬ್ಬ ಬೇರು ಬಿಟ್ಟು ಕೂತಿದ್ದಾನೆ. ಇವನನ್ನು ಕೊಟ್ಟು ಅವನನ್ನು ತರುವುದೇ ಈ ಟ್ರೇಡ್. ಸುದ್ದಿ ಬಂದ ಹತ್ತೇ ನಿಮಿಷದಲ್ಲಿ ತೀರ್ಪು ಹೇಳುವವರನ್ನು, ಅದರಲ್ಲೂ ಅಮೆರಿಕದಲ್ಲಿ ನೆಲೆಸಿ ಫ್ಯಾಂಟಸಿ ಲೀಗ್‌ನ ಗೀಳು ಹತ್ತಿಸಿಕೊಂಡ ನಮ್ಮ ಬಳಗದವರನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಬಹುತೇಕರು ಎಡವುವುದು ಒಂದೇ ಕಡೆ: "ಹೇಗೂ ಆ ಹುಡುಗನಿಗೆ ಜಾಗವಿರಲಿಲ್ಲ, ಕೊಟ್ಟರೆ ನಷ್ಟವೇನು?"

ಐಪಿಎಲ್ ಹರಾಜು ನೋಡಿ ಬೆಳೆದವರಿಗೆ ಒಂದು ಮಾತು. ಅಲ್ಲಿ ಬೆಲೆ ಕೋಟಿಗಳಲ್ಲಿ. ಇಲ್ಲಿ ಬೆಲೆ ವರ್ಷಗಳಲ್ಲಿ. ಮೇಜರ್ ಲೀಗ್‌ಗೆ ಕಾಲಿಟ್ಟ ಹುಡುಗ ಸುಮಾರು 6 ವರ್ಷ ತನ್ನ ತಂಡದ ಹಿಡಿತದಲ್ಲೇ ಇರುತ್ತಾನೆ, ಅದರಲ್ಲಿ ಮೊದಲ 3 ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳಕ್ಕೆ. ಟ್ರೇಡ್‌ನಲ್ಲಿ ಕೈಬದಲಾಗುವುದು ಈ ಅಗ್ಗದ ವರ್ಷಗಳು.

ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ಪಿಚರ್, ಬಲಕ್ಕೆ ಹುಡುಗ. ಎರಡೂ ಕಡೆ ಹೆಸರು ಹಾಕಿದರೆ ನೂರಕ್ಕೆ ಇಷ್ಟು ಅಂಕವೆಂದು ಉಗುಳುವ ಉಚಿತ ಲೆಕ್ಕಯಂತ್ರಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಅವನ್ನು ಮುಟ್ಟಬೇಡಿ. ಹುಡುಗನ ದಾರಿಗೆ ಅಡ್ಡ ನಿಂತವನು ಯಾರು, ಎಷ್ಟು ಕಾಲ ನಿಲ್ಲುತ್ತಾನೆ ಎಂಬುದು ಆ ಅಂಕದಲ್ಲಿ ಎಲ್ಲೂ ಕಾಣುವುದಿಲ್ಲ. ನಮಗೆ ಬೇಕಾಗಿರುವುದೇ ಅದು.

1. ಪಿಚರ್‌ನ ಉಳಿದ ದಿನ ಎಣಿಸಿ

ಅವನ ಒಪ್ಪಂದ ಈ ಋತುವಿಗೇ ಮುಗಿಯುತ್ತದೆಯೇ, ಮುಂದಕ್ಕೂ ಇದೆಯೇ? ಈ ಋತುವಿಗೇ ಮುಗಿಯುವುದಾದರೆ ಖರೀದಿಸುವ ತಂಡ ಕೊಳ್ಳುತ್ತಿರುವುದು ಆಟಗಾರನನ್ನಲ್ಲ, ಅವನ ಎರಡು ತಿಂಗಳನ್ನು. ಜುಲೈ 31ಕ್ಕೆ ಬಂದ ಪಿಚರ್‌ಗೆ ಉಳಿಯುವುದು ಹತ್ತು ಹನ್ನೆರಡು ಸ್ಟಾರ್ಟ್ (ಅವನೇ ಎಸೆತ ಆರಂಭಿಸುವ ಪಂದ್ಯ), ಜೊತೆಗೆ ಪ್ಲೇಆಫ್ ಸಿಕ್ಕರೆ ಸಿಕ್ಕಿತು. ಹಾಗಾಗಿ ಬೇಗ ಕೊಂಡವನೇ ಜಾಣ. 2008ರಲ್ಲಿ ಮಿಲ್ವಾಕಿ ಬ್ರೂವರ್ಸ್ ತಂಡ ಸಿ.ಸಿ. ಸಬಾಥಿಯಾನನ್ನು ಕ್ಲೀವ್‌ಲ್ಯಾಂಡ್‌ನಿಂದ ಜುಲೈ 7ಕ್ಕೇ ತಂದಿತು. ಟ್ರೇಡ್‌ನ ಜುಲೈ 31ರ ಗಡುವಿಗೆ ಮೂರು ವಾರಕ್ಕಿಂತ ಹೆಚ್ಚು ಬಾಕಿಯಿತ್ತು. ಅದರಿಂದ ಸಿಕ್ಕಿದ್ದು 17 ಸ್ಟಾರ್ಟ್. ಅವನು 11 ಗೆದ್ದು 2 ಸೋತ, ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಪಿಚರ್ ಬಿಟ್ಟುಕೊಡುವ ರನ್‌ಗಳ ಸರಾಸರಿ, ಕಡಿಮೆಯಾದಷ್ಟೂ ಒಳ್ಳೆಯದು) 1.65, ಏಳು ಪಂದ್ಯಗಳನ್ನು ಒಬ್ಬನೇ ಕೊನೆವರೆಗೆ ಎಸೆದು ಮುಗಿಸಿದ. 1982ರ ನಂತರ ಬ್ರೂವರ್ಸ್ ಪ್ಲೇಆಫ್ ಕಂಡಿದ್ದು ಆಗಲೇ.

2. ಪಿಚರ್‌ನ ಗುಣಮಟ್ಟ

ಗೆಲುವು ಸೋಲಿನ ಲೆಕ್ಕ ನೋಡಬೇಡಿ, ಅದು ತಂಡದ ಲೆಕ್ಕ. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಬೇಸ್), ಎಸೆತದ ವೇಗ ಕಳೆದ ವರ್ಷಕ್ಕಿಂತ ಇಳಿದಿದೆಯೇ, ಮೊಣಕೈಯ ಇತಿಹಾಸವೇನು: ಇಷ್ಟು ಸಾಕು. ಅವನು ಮೇಜರ್ ಲೀಗ್‌ನಲ್ಲಿ 10 ವರ್ಷ ಪೂರೈಸಿ, ಕೊನೆಯ 5 ವರ್ಷ ಒಂದೇ ತಂಡದಲ್ಲಿದ್ದರೆ ಟ್ರೇಡ್ ಬೇಡವೆನ್ನುವ ಹಕ್ಕೂ ಅವನಿಗಿದೆ. 2012ರಲ್ಲಿ ಶಿಕಾಗೊ ಕಬ್ಸ್‌ನ ರಯಾನ್ ಡೆಂಪ್‌ಸ್ಟರ್ ಈ ಹಕ್ಕು ಚಲಾಯಿಸಿ, ಅಟ್ಲಾಂಟಾ ಜೊತೆ ಕುದುರಿದ್ದ ವ್ಯವಹಾರವನ್ನೇ ಮುರಿದ.

3. ಹುಡುಗನ ದಾರಿ ನಿಜಕ್ಕೂ ಮುಚ್ಚಿದೆಯೇ?

ಎಲ್ಲರೂ ಒಂದು ಸಾಲಿನಲ್ಲಿ ದಾಟಿಬಿಡುವ ಹಂತವಿದು. ನೀವು ಅರ್ಧ ಗಂಟೆ ಇಲ್ಲೇ ಕೂರಬೇಕು.

ಈ ಬಗೆಯ ಟ್ರೇಡ್‌ಗಳಲ್ಲಿ ಇಂದಿಗೂ ಜನ ತಲೆ ಚಚ್ಚಿಕೊಳ್ಳುವುದು 1990ರ ಆಗಸ್ಟ್ ಕೊನೆಯದಕ್ಕೆ. ಬಾಸ್ಟನ್ ರೆಡ್ ಸಾಕ್ಸ್ ತಂಡ ಹ್ಯೂಸ್ಟನ್ ಆಸ್ಟ್ರೋಸ್‌ನಿಂದ 37 ವರ್ಷದ ಲ್ಯಾರಿ ಆಂಡರ್ಸನ್ ಎಂಬ, ಪಂದ್ಯದ ನಡುವೆ ಬಂದು ಎಸೆಯುವ ರಿಲೀಫ್ ಪಿಚರ್‌ನನ್ನು ತಂದಿತು. ಬದಲಿಗೆ ಕೊಟ್ಟಿದ್ದು 22 ವರ್ಷದ ಜೆಫ್ ಬ್ಯಾಗ್‌ವೆಲ್‌ನನ್ನು. ಹುಡುಗ ಫೀಲ್ಡಿಂಗ್‌ನಲ್ಲಿ ಥರ್ಡ್ ಬೇಸ್ ಎಂಬ ಜಾಗದಲ್ಲಿ ಆಡುತ್ತಿದ್ದ, ಮೇಲೆ ಅದೇ ಜಾಗದಲ್ಲಿ ವೇಡ್ ಬಾಗ್ಸ್ ಇದ್ದ. ಐದು ಬಾರಿ ಬ್ಯಾಟಿಂಗ್ ಕಿರೀಟ ಗೆದ್ದವನನ್ನು ಯಾರು ಎಬ್ಬಿಸುತ್ತಾರೆ? ಬಾಸ್ಟನ್‌ನವರಿಗೆ ದಾರಿ ಪೂರ್ತಿ ಮುಚ್ಚಿದಂತೆ ಕಂಡಿತು.

ಹಾಳೆಯ ಬಲಭಾಗದಲ್ಲಿ ಮೊದಲ ಪ್ರಶ್ನೆ ಬರೆಯಿರಿ: ಅಡ್ಡ ನಿಂತವನು ಎಷ್ಟು ಕಾಲ ನಿಲ್ಲುತ್ತಾನೆ? ಬಾಗ್ಸ್‌ಗೆ ಆಗ 32. 1992ರ ಋತು ಮುಗಿದ ಮೇಲೆ ಅವನು ಬಾಸ್ಟನ್ ಬಿಟ್ಟು ನ್ಯೂಯಾರ್ಕ್ ಯಾಂಕೀಸ್ ಸೇರಿದ. ಮೇಜರ್ ಲೀಗ್‌ಗಿಂತ ಎರಡು ಮೆಟ್ಟಿಲು ಕೆಳಗಿನ ಡಬಲ್-ಎ ಮಟ್ಟದಲ್ಲಿದ್ದ ಹುಡುಗ ಮೇಲೇರಲು ಹೇಗೂ ಸ್ವಲ್ಪ ಕಾಲ ಬೇಕು ಎಂದು ಆ ದಿನ ಲೆಕ್ಕ ಹಾಕಿದ್ದರೂ, ಅವನು ಹಣ್ಣಾದ ಮೇಲೆ ಸುಮ್ಮನೆ ಕಾಯಬೇಕಿದ್ದದ್ದು ಹೆಚ್ಚೆಂದರೆ ಒಂದೆರಡು ವರ್ಷ. ನೀವು ಅಳೆಯಬೇಕಾದ್ದು ಈ ಅಂತರವನ್ನು. ಹುಡುಗ ಸಿದ್ಧವಾಗುವ ದಿನಕ್ಕೂ ಜಾಗ ಖಾಲಿಯಾಗುವ ದಿನಕ್ಕೂ ನಡುವೆ ಎಷ್ಟು? ಇಂದು ಜಾಗವಿಲ್ಲ ಎಂಬುದು ಉತ್ತರವಲ್ಲ, ಏಕೆಂದರೆ ಇಂದು ಹುಡುಗನೂ ಸಿದ್ಧನಿಲ್ಲ.

ಎರಡನೆಯ ಪ್ರಶ್ನೆ: ಬೇರೆ ಜಾಗದಲ್ಲಿ ನಿಲ್ಲಬಲ್ಲನೇ? ಇಲ್ಲೊಂದು ಸ್ವಾರಸ್ಯವಿದೆ. ಹ್ಯೂಸ್ಟನ್‌ನಲ್ಲೂ ಥರ್ಡ್ ಬೇಸ್ ಖಾಲಿಯಿರಲಿಲ್ಲ, ಅಲ್ಲಿ ಕೆನ್ ಕ್ಯಾಮಿನಿಟಿ ಇದ್ದ. ಅಂದರೆ ಬ್ಯಾಗ್‌ವೆಲ್ ಮುಚ್ಚಿದ ಒಂದು ಬಾಗಿಲಿನಿಂದ ಮುಚ್ಚಿದ ಇನ್ನೊಂದು ಬಾಗಿಲಿಗೆ ಬಂದ. ಆದರೆ ಆಸ್ಟ್ರೋಸ್ ತಮ್ಮ ಫಸ್ಟ್ ಬೇಸ್‌ಮನ್ ಗ್ಲೆನ್ ಡೇವಿಸ್‌ನನ್ನು 1991ರ ಜನವರಿಯಲ್ಲಿ ಬಾಲ್ಟಿಮೋರ್‌ಗೆ ಕಳಿಸಿ, ವಸಂತದ ತರಬೇತಿಯಲ್ಲಿ ಹುಡುಗನ ಕೈಗೆ ಫಸ್ಟ್ ಬೇಸ್‌ನ ಗ್ಲೌಸ್ ಕೊಟ್ಟರು. ಅದೇ ವರ್ಷ ಅವನು ನ್ಯಾಷನಲ್ ಲೀಗ್‌ನ ಶ್ರೇಷ್ಠ ಹೊಸ ಆಟಗಾರ, 1994ರಲ್ಲಿ ಎಂವಿಪಿ (ಲೀಗ್‌ನ ಅತ್ಯಮೂಲ್ಯ ಆಟಗಾರ). 449 ಹೋಮ್‌ರನ್ ಬಾರಿಸಿ 2017ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಬಾಸ್ಟನ್ ಪರ ವಾದಿಸುವವರು "ಫಸ್ಟ್ ಬೇಸ್‌ಗೆ ಮೋ ವಾನ್ ಬರುತ್ತಿದ್ದನಲ್ಲ" ಎನ್ನುತ್ತಾರೆ. ಹೌದು, ಬರುತ್ತಿದ್ದ, 1995ರಲ್ಲಿ ಅವನೂ ಎಂವಿಪಿಯಾದ. ಅದು ಬ್ಯಾಗ್‌ವೆಲ್‌ನನ್ನು ಮಾರಲು ಕಾರಣವಾಗಬಹುದು. ಇಷ್ಟು ಅಗ್ಗಕ್ಕೆ ಮಾರಲು ಕಾರಣವಾಗುವುದಿಲ್ಲ.

ಜಾಗ ಬದಲಿಸುವ ವಿಷಯದಲ್ಲಿ ನನ್ನದು ಖಡಾಖಂಡಿತ ಮಾತು. ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್‌ಗಳ ನಡುವಿನ ಕಷ್ಟದ ಜಾಗ) ಆಡುವ ಹುಡುಗ ಎಲ್ಲಿ ಬೇಕಾದರೂ ಹೊಂದಿಕೊಳ್ಳುತ್ತಾನೆ, ಅವನ ದಾರಿ ಮುಚ್ಚಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಥರ್ಡ್ ಬೇಸ್‌ನವನು ಫಸ್ಟ್ ಬೇಸ್‌ಗೋ ಔಟ್‌ಫೀಲ್ಡ್‌ಗೋ ಇಳಿಯಬಹುದು. ಫಸ್ಟ್ ಬೇಸ್ ಒಂದನ್ನೇ ಬಲ್ಲವನಿಗೆ ಅಲ್ಲಿಂದ ಕೆಳಗೆ ಮೆಟ್ಟಿಲಿಲ್ಲ. ಅವನ ದಾರಿ ಮುಚ್ಚಿದ್ದರೆ ನಿಜಕ್ಕೂ ಮುಚ್ಚಿದಂತೆ. ಅಂಥವನನ್ನು ಮುಖ್ಯ ಸರಕೆಂದು ಯಾರು ತಂದಿಟ್ಟರೂ ನಾನಾದರೆ ಒಪ್ಪುವುದಿಲ್ಲ. ಸಬಾಥಿಯಾಗಾಗಿ ಮಿಲ್ವಾಕಿ ಕೊಟ್ಟ ಮ್ಯಾಟ್ ಲಪೋರ್ಟಾ ಮೂಲತಃ ಅಂಥವನೇ. ಫಸ್ಟ್ ಬೇಸ್‌ನಲ್ಲಿ ಪ್ರಿನ್ಸ್ ಫೀಲ್ಡರ್ ಇದ್ದ. ಸರಿ, ಲೆಫ್ಟ್ ಫೀಲ್ಡ್ ಆಡಲಿ ಎಂದರೆ ಅಲ್ಲಿ ರಯಾನ್ ಬ್ರೌನ್ ಇದ್ದ. ಆಗ ನ್ಯಾಷನಲ್ ಲೀಗ್‌ನಲ್ಲಿ ಬ್ಯಾಟಿಂಗ್ ಮಾತ್ರ ಮಾಡುವ ಡಿಎಚ್ ಜಾಗವೂ ಇರಲಿಲ್ಲ. 2022ರಿಂದ ಎರಡೂ ಲೀಗ್‌ಗಳಲ್ಲಿ ಡಿಎಚ್ ಕಾಯಂ ಆಗಿದೆ, ಹಾಗಾಗಿ ಹಳೆಯ ಟ್ರೇಡ್‌ಗಳ ಅಳತೆಗೋಲನ್ನು ಇಂದಿನ ನ್ಯಾಷನಲ್ ಲೀಗ್ ತಂಡಕ್ಕೆ ಹಿಡಿಯುವಾಗ ಎಚ್ಚರ.

ಮೂರನೆಯ ಪ್ರಶ್ನೆ: ಹುಡುಗನನ್ನು ಕೊಡುವ ತಂಡದ ಮೇಲೆ ಒತ್ತಡವಿದೆಯೇ? ತಂಡದ 40 ಜನರ ಮುಖ್ಯ ಪಟ್ಟಿಗೆ ಸೇರಿದ ಹುಡುಗನನ್ನು ಮೇಲೆ ಕೆಳಗೆ ಓಡಾಡಿಸಲು ತಂಡಕ್ಕೆ ಸಾಮಾನ್ಯವಾಗಿ 3 ಋತುಗಳ ಅವಕಾಶವಿರುತ್ತದೆ. ಅದು ಮುಗಿದರೆ ಬೇರೆ ತಂಡಗಳ ಕೈಗೆ ಸಿಗುವ ಅಪಾಯವಿಲ್ಲದೆ ಅವನನ್ನು ಮೈನರ್ ಲೀಗ್‌ಗೆ ಇಳಿಸಲಾಗದು. ಇನ್ನು ಪಟ್ಟಿಗೆ ಸೇರದ ಹುಡುಗನನ್ನು ಕೆಲವು ವರ್ಷಗಳಾದ ಮೇಲೆ ಡಿಸೆಂಬರ್‌ನ ರೂಲ್ 5 ಡ್ರಾಫ್ಟ್‌ನಲ್ಲಿ ಬೇರೆಯವರು ಎತ್ತಿಕೊಂಡು ಹೋಗಬಹುದು. ಈ ಎರಡು ಗಡಿಯಾರಗಳಲ್ಲಿ ಒಂದು ಹನ್ನೆರಡು ಹೊಡೆಯುವ ಹೊತ್ತಾಗಿದ್ದರೆ ಮಾತ್ರ ಬೆಲೆ ಇಳಿಯುತ್ತದೆ. ಇಲ್ಲದಿದ್ದರೆ ಹುಡುಗನ ಬೆಲೆ ನಿಗದಿಯಾಗುವುದು ಅವನ ತಂಡದಲ್ಲಿ ಅವನಿಗೆ ಜಾಗವಿದೆಯೇ ಎಂಬುದರಿಂದಲ್ಲ, ಉಳಿದ 29 ತಂಡಗಳಲ್ಲಿ ಎಷ್ಟು ಮಂದಿಗೆ ಅವನು ಬೇಕು ಎಂಬುದರಿಂದ. ಹಿತ್ತಲ ಗಿಡ ಮದ್ದಲ್ಲ ಎಂದು ತನ್ನ ಹುಡುಗನನ್ನು ತಾನೇ ಅಗ್ಗ ಮಾಡಿಕೊಂಡ ತಂಡದ ಮೇಲೆ ಯಾರೂ ಕನಿಕರ ತೋರುವುದಿಲ್ಲ.

ಉಲ್ಟಾ ತಪ್ಪೂ ಇದೆ. ದಾರಿ ಮುಚ್ಚಿರುವುದೇ ಹುಡುಗನ ಏಕೈಕ ತೊಂದರೆ ಎಂದು ಅವನನ್ನು ಪಡೆಯುವ ತಂಡದವರು ನಂಬಿಬಿಡುವುದು. ಟೆಕ್ಸಸ್ ರೇಂಜರ್ಸ್‌ನ ಮೈಕ್ ಓಲ್ಟ್‌ಗೆ ಥರ್ಡ್ ಬೇಸ್‌ನಲ್ಲಿ ಏಡ್ರಿಯನ್ ಬೆಲ್ಟ್ರೆ ಅಡ್ಡ ಇದ್ದದ್ದು ನಿಜ, 2018ರವರೆಗೂ ಅಲ್ಲಾಡಲಿಲ್ಲ. ಆದರೆ 2013ರಲ್ಲಿ ಓಲ್ಟ್‌ಗೆ ದೃಷ್ಟಿಯ ತೊಂದರೆಯೂ ಕಾಡಿತ್ತು. ಆ ಜುಲೈನಲ್ಲಿ ಮ್ಯಾಟ್ ಗಾರ್ಜಾ ಎಂಬ ಪಿಚರ್‌ಗಾಗಿ ಅವನು ಶಿಕಾಗೊ ಕಬ್ಸ್ ಸೇರಿದ. 2014ರಲ್ಲಿ ದಾರಿ ತೆರೆದೇ ಇತ್ತು, ಆದರೆ ಅವನ ಬ್ಯಾಟಿಂಗ್ ಸರಾಸರಿ ತೀರಾ ಕೆಳಗೆ, .160.

4. ಬ್ಯಾಟ್ ಓದಿ

ಯಾವ ಮಟ್ಟ, ಅಲ್ಲಿ ಉಳಿದವರಿಗಿಂತ ಎಷ್ಟು ಕಿರಿಯ, ಯಾವ ಮೈದಾನ. ಹೋಮ್‌ರನ್ ಸಂಖ್ಯೆಯೊಂದನ್ನೇ ನೋಡುವವರು ಬ್ಯಾಗ್‌ವೆಲ್‌ನನ್ನು ಕೈಬಿಡುತ್ತಿದ್ದರು. 1990ರಲ್ಲಿ ಬಾಸ್ಟನ್‌ನ ಡಬಲ್-ಎ ತಂಡವಿದ್ದ ನ್ಯೂ ಬ್ರಿಟನ್‌ನಲ್ಲಿ ಅವನ ಹೋಮ್‌ರನ್ ಬರೀ 4. ಆದರೆ ಸರಾಸರಿ .333, ಸ್ಟ್ರೈಕ್‌ಔಟ್‌ಗಿಂತ ವಾಕ್ ಹೆಚ್ಚು, ಡಬಲ್‌ಗಳು (ಎರಡು ಬೇಸ್ ತಲುಪಿಸುವ ಹೊಡೆತ) 34. ಅದೂ ಚೆಂಡು ದೂರ ಹೋಗದ ಮೈದಾನದಲ್ಲಿ. ಇದಕ್ಕೆ ವಿರುದ್ಧವಾಗಿ ಆಲ್ಬುಕರ್ಕಿ, ರೀನೋಗಳಂಥ ಎತ್ತರದ ಊರುಗಳ ಟ್ರಿಪಲ್-ಎ (ಮೈನರ್ ಲೀಗ್‌ನ ಅತಿ ಮೇಲಿನ ಮಟ್ಟ) ಅಂಕಿಗಳನ್ನು ಕಂಡು ಹಿಗ್ಗಬೇಡಿ, ಅಲ್ಲಿನ ತೆಳು ಗಾಳಿಯಲ್ಲಿ ಚೆಂಡು ತೇಲಿಕೊಂಡು ಹೋಗುತ್ತದೆ. ಅರ್ಧ ನಿಮಿಷದ ಹೋಮ್‌ರನ್ ವಿಡಿಯೊ ಕಳಿಸಿ "ನೋಡಿ ಇವನನ್ನು" ಎನ್ನುವವರಿಗೆ ಉತ್ತರ ಕೊಡದಿರುವುದೇ ಒಳ್ಳೆಯದು.

5. ಜೊತೆಗೆ ಬರುವ ಹೆಸರುಗಳು

ಪತ್ರಿಕೆಯ ತಲೆಬರಹದಲ್ಲಿ ಒಂದೇ ಹೆಸರಿರುತ್ತದೆ. ಡೆಂಪ್‌ಸ್ಟರ್ ಕೊನೆಗೆ 2012ರ ಜುಲೈ 31ರಂದು ರೇಂಜರ್ಸ್‌ಗೆ ಹೋದಾಗ ಕಬ್ಸ್‌ಗೆ ಇಬ್ಬರು ಬಂದರು. ಒಬ್ಬ ಕ್ರಿಶ್ಚಿಯನ್ ವಿಲ್ಲನ್ಯೂವಾ, ಬೆಲ್ಟ್ರೆಯ ಹಿಂದೆ ಸಿಕ್ಕಿಕೊಂಡಿದ್ದ ಇನ್ನೊಬ್ಬ ಥರ್ಡ್ ಬೇಸ್ ಹುಡುಗ. ಜೊತೆಗೆ ಬಂದವನು, ತಂಡಗಳು ಹೊಸ ಹುಡುಗರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್‌ನ ಎಂಟನೆಯ ಸುತ್ತಿನಲ್ಲಿ ಆಯ್ಕೆಯಾಗಿದ್ದ ಪಿಚರ್ ಕೈಲ್ ಹೆಂಡ್ರಿಕ್ಸ್. 2016ರಲ್ಲಿ ಇಡೀ ಮೇಜರ್ ಲೀಗ್‌ನ ಅತಿ ಕಡಿಮೆ ಇಆರ್‌ಎ 2.13 ಅವನದು. ಪ್ರಶಸ್ತಿ ನಿರ್ಧರಿಸುವ ವರ್ಲ್ಡ್ ಸೀರೀಸ್‌ನಲ್ಲಿ ಆ ವರ್ಷದ ಏಳನೆಯ ಪಂದ್ಯ ಆರಂಭಿಸಿದವನೂ ಅವನೇ. ಹಾಗಾಗಿ ಹಾಳೆಯ ಬಲಭಾಗದಲ್ಲಿ ಎಲ್ಲ ಹೆಸರಿಗೂ ಒಂದೊಂದು ಸಾಲು ಬಿಡಿ.

6. ಎರಡೂ ಕಡೆಯ ಅಗತ್ಯ ಬರೆದು ತೂಗಿ

ತೂಗುವಾಗ ಆ ದಿನ ಗೊತ್ತಿದ್ದದ್ದನ್ನು ಮಾತ್ರ ಹಾಕಿ. ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ ಎಂದು ಹತ್ತು ವರ್ಷದ ಮೇಲೆ ಹೇಳಲು ಯಾರಿಗಾದರೂ ಬರುತ್ತದೆ. ಆಂಡರ್ಸನ್ ಬಾಸ್ಟನ್‌ಗೆ ಎಸೆದದ್ದು 22 ಇನಿಂಗ್ಸ್, ಇಆರ್‌ಎ 1.23. ತಂಡ ತನ್ನ ವಿಭಾಗ ಗೆದ್ದದ್ದು ಎರಡೇ ಪಂದ್ಯಗಳ ಅಂತರದಿಂದ. ಅಂದರೆ ಆ ಪಿಚರ್ ದಂಡವಾಗಲಿಲ್ಲ. ಪ್ಲೇಆಫ್‌ನಲ್ಲಿ ಓಕ್‌ಲ್ಯಾಂಡ್ ಒಂದೂ ಪಂದ್ಯ ಬಿಟ್ಟುಕೊಡದೆ ಮನೆಗೆ ಕಳಿಸಿತು, ಆಂಡರ್ಸನ್ ಸ್ಯಾನ್ ಡಿಯಾಗೊ ಸೇರಿಕೊಂಡ. ತಪ್ಪಾದದ್ದು ಪಿಚರ್ ತಂದದ್ದರಲ್ಲಲ್ಲ. 22 ಇನಿಂಗ್ಸ್‌ನ ಸರಕಿಗೆ ಮೂರನೆಯ ಹಂತವನ್ನು ಹಾರಿಸಿ ಬೆಲೆ ಕಟ್ಟಿದ್ದರಲ್ಲಿ.

ದುಬಾರಿ ಕೊಟ್ಟೂ ಸರಿಯೆನ್ನಿಸುವ ಟ್ರೇಡ್ ಇಲ್ಲವೇ? ಇದೆ. 2016ರ ಜುಲೈನಲ್ಲಿ ಕಬ್ಸ್ ಆರೋಲ್ಡಿಸ್ ಚಾಪ್‌ಮನ್ ಎಂಬ ರಿಲೀಫ್ ಪಿಚರ್‌ಗಾಗಿ ಯಾಂಕೀಸ್‌ಗೆ ಗ್ಲೇಬರ್ ಟೊರೆಸ್‌ನನ್ನೂ ಇನ್ನೂ ಮೂವರನ್ನೂ ಕೊಟ್ಟಿತು. ಟೊರೆಸ್‌ಗೆ 19, ಶಾರ್ಟ್‌ಸ್ಟಾಪ್. ಮೇಲೆ ಎಡಿಸನ್ ರಸೆಲ್, ಹಾವಿಯರ್ ಬಾಯೆಸ್ ಇಬ್ಬರೂ ಎಳೆಯರೇ, ಇನ್ನೂ ಹಲವು ವರ್ಷ ಅಗ್ಗಕ್ಕೆ ಸಿಗುವವರು. ಚಾಪ್‌ಮನ್ ಋತು ಮುಗಿಯುತ್ತಲೇ ಯಾಂಕೀಸ್‌ಗೇ ವಾಪಸಾದ. ಆದರೂ 1908ರ ನಂತರ ಮೊದಲ ಬಾರಿ ವರ್ಲ್ಡ್ ಸೀರೀಸ್ ಗೆಲ್ಲುವ ತಂಡ ಕೈಯಲ್ಲಿದ್ದಾಗ ಆ ಬೆಲೆ ಕೊಡಬೇಕಿತ್ತು, ಕೊಟ್ಟರು, ಗೆದ್ದರು. ಶಾರ್ಟ್‌ಸ್ಟಾಪ್‌ಗಳ ಬಗ್ಗೆ ಮೇಲೆ ಹೇಳಿದ ನನ್ನ ಮಾತಿಗೆ ಇದೊಂದು ಅಪವಾದ ಎಂದು ಬೇಕಾದರೆ ಇಟ್ಟುಕೊಳ್ಳಿ.

ಎಡಭಾಗದಲ್ಲಿ ಇನ್ನೊಂದು ಸಾಲು ಉಳಿದಿದೆ. ಪಿಚರ್ ಬಿಟ್ಟುಹೋದರೆ ಪರಿಹಾರವಾಗಿ ಡ್ರಾಫ್ಟ್ ಆಯ್ಕೆ ಸಿಗುತ್ತದೆಯೇ? ಹಿಂದೆ ಸಿಗುತ್ತಿತ್ತು. ಸಬಾಥಿಯಾ ಯಾಂಕೀಸ್‌ಗೆ ಹೋದಾಗ ಮಿಲ್ವಾಕಿಗೆ ಸಿಕ್ಕಿತು. ಆದರೆ ಯಾಂಕೀಸ್ ಅದೇ ಚಳಿಗಾಲದಲ್ಲಿ ಏಂಜಲ್ಸ್ ತಂಡದಲ್ಲಿದ್ದ ಮಾರ್ಕ್ ಟೆಕ್ಸೀರಾನನ್ನೂ ಕೊಂಡದ್ದರಿಂದ ಅವರ ಮೊದಲ ಸುತ್ತಿನ ಆಯ್ಕೆ ಏಂಜಲ್ಸ್ ಪಾಲಾಯಿತು, ಮಿಲ್ವಾಕಿಗೆ ಎರಡನೆಯ ಸುತ್ತಿನದು. ಏಂಜಲ್ಸ್ ಆ ಆಯ್ಕೆಯಲ್ಲಿ ಎತ್ತಿಕೊಂಡದ್ದು ಮುಂದೆ ದೊಡ್ಡ ತಾರೆಯಾದ ಮೈಕ್ ಟ್ರೌಟ್‌ನನ್ನು. ಈಗಿನ ನಿಯಮದಲ್ಲಿ ಋತುವಿನ ನಡುವೆ ಬಂದ ಪಿಚರ್ ಹೋದರೆ ಕೊಂಡ ತಂಡಕ್ಕೆ ಏನೂ ಸಿಗುವುದಿಲ್ಲ. ಆ ಸಾಲಿನಲ್ಲಿ ಸೊನ್ನೆ ಹಾಕಿ.

ಒಪ್ಪಂದದ ಕೊನೆಯಲ್ಲಿ "ನಂತರ ಹೆಸರಿಸಲಾಗುವ ಒಬ್ಬ ಆಟಗಾರ" ಎಂದಿದ್ದರೆ ಹಾಳೆಯನ್ನು ಎಸೆಯಬೇಡಿ, ಹೆಸರಿಸಲು ಆರು ತಿಂಗಳ ಕಾಲಾವಕಾಶವಿರುತ್ತದೆ. ಸಬಾಥಿಯಾ ಟ್ರೇಡ್‌ನಲ್ಲಿ ಲಪೋರ್ಟಾ ಮೇಜರ್ ಲೀಗ್‌ನಲ್ಲಿ .238 ಸರಾಸರಿಯಲ್ಲೇ ಮುಗಿದುಹೋದ. ಬ್ರೂವರ್ಸ್ ಪ್ಲೇಆಫ್ ತಲುಪಿದರೆ ಕೊನೆಯ ಆಟಗಾರನನ್ನು ಕ್ಲೀವ್‌ಲ್ಯಾಂಡೇ ಆರಿಸಿಕೊಳ್ಳಬಹುದೆಂಬ ಷರತ್ತಿತ್ತು. ಅವರು ಅಕ್ಟೋಬರ್‌ನಲ್ಲಿ ಆರಿಸಿಕೊಂಡ ಹುಡುಗ ಮೈಕಲ್ ಬ್ರಾಂಟ್ಲಿ, 2014ರಲ್ಲಿ ಅಮೆರಿಕನ್ ಲೀಗ್‌ನ ಎಂವಿಪಿ ಮತದಲ್ಲಿ ಮೂರನೆಯ ಸ್ಥಾನ ಪಡೆದ.