ಬಚ್ಚಲ ಒಲೆಯಿಂದ ಮಡಗಾಸ್ಕರಿನ ಹುಲ್ಲುಗಾವಲಿಗೆ

‘ಇದ್ದಿಲ ಚೂರಿನ ಉದ್ದಗಲ ಅಳೆದು ಕಾಡೋ ಹುಲ್ಲೋ ಹೇಳುತ್ತೀರಾ? ಗಿಣಿಶಾಸ್ತ್ರದವನೂ ಕಾರ್ಡು ಎತ್ತಿಸುತ್ತಾನೆ ಸ್ವಾಮಿ.’ ಅನುದಾನದ ಸಮಿತಿಯಲ್ಲಿ ಹಿರಿಯರೊಬ್ಬರು ಹೀಗೆಂದಾಗ ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ, ಹಣ ಬೇಕಾದವನು ನಗಲೇಬೇಕು. ಹಣ ಸಿಗಲಿಲ್ಲ. ಇದಾಗಿ ಆರು ವರ್ಷ. ಹೋದ ತಿಂಗಳು ಅದೇ ಹಿರಿಯರು ನನ್ನ ಎಣಿಕೆಯ ಹಾಳೆಗಳನ್ನು ಕಳುಹಿಸಿಕೊಡಿ ಎಂದು ಬರೆದಿದ್ದರು. ಕಳುಹಿಸಿದ್ದೇನೆ, ಎರಡು ದಿನ ಕಾಯಿಸಿ.

ಜಗಳ ಇಷ್ಟೇ: ಮಡಗಾಸ್ಕರ್ ದ್ವೀಪದ ಹುಲ್ಲುಗಾವಲು ಮೊದಲಿನಿಂದ ಇದ್ದದ್ದೋ, ಜನ ಕಾಡು ಸುಟ್ಟು ಮಾಡಿದ್ದೋ? ಫ್ರೆಂಚ್ ಸಸ್ಯಶಾಸ್ತ್ರಜ್ಞರಾದ ಪೆರಿಯೆ ದ ಲಾ ಬಾತಿ 1921ರಲ್ಲಿ, ಅಂಬೇರ್ 1927ರಲ್ಲಿ ಬರೆದದ್ದು: ಮಡಗಾಸ್ಕರ್ ಪೂರ್ತಿ ಕಾಡಾಗಿತ್ತು, ಜನ ಬಂದು ಸುಟ್ಟು ಬೋಳು ಮಾಡಿದರು. 1980ರ ದಶಕದಲ್ಲಿ ವಿಜ್ಞಾನಿ ಡೇವಿಡ್ ಬರ್ನಿ ಎತ್ತರದ ಸೀಮೆಯ ಕೆರೆಗಳ ಕೆಸರು ತೆಗೆದು, ಮನುಷ್ಯ ಕಾಲಿಡುವ ಮೊದಲೇ ಅಲ್ಲಿ ಬೆಂಕಿ ಇತ್ತೆಂದು ತೋರಿಸಿದರು. 2016ರಲ್ಲಿ ಹುಲ್ಲಿನ ಜಾತಿಗಳ ಪಟ್ಟಿಯೇ ಬಂತು: ಸುಮಾರು 540, ಅದರಲ್ಲಿ ಐದಕ್ಕೆ ಎರಡು ಪಾಲು ಬೇರೆಲ್ಲೂ ಇಲ್ಲದವು. ನಿನ್ನೆ ಮೊನ್ನೆ ಹುಟ್ಟಿದ ಹುಲ್ಲುಗಾವಲಿನಲ್ಲಿ ಇಷ್ಟು ಸ್ವಂತ ಸಂತಾನ ಇರುವುದಿಲ್ಲ. ನನಗೆ ಉಳಿದಿದ್ದದ್ದು ಒಂದೇ ಪ್ರಶ್ನೆ. ಆ ಹಳೆಯ ಬೆಂಕಿ ತಿಂದದ್ದು ಏನನ್ನು, ಮರವನ್ನೋ ಹುಲ್ಲನ್ನೋ?

ಜಾಗ ಮಡಗಾಸ್ಕರಿನ ನಡುವಿನ ಎತ್ತರದ ಸೀಮೆಯ ಆಂತ್ಸಿರಾಬೆ ಪಟ್ಟಣದ ದಕ್ಷಿಣಕ್ಕೆ, ಇಬಿಟಿ ಬೆಟ್ಟದ ಮಗ್ಗುಲ ಒಂದು ಜವುಗು. ಊರಿನ ಹೆಸರು ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಸುತ್ತ ಬೋಳು ದಿಬ್ಬಗಳು, ಅವುಗಳ ಮೈಯಲ್ಲಿ ಲವಾಕ ಎನ್ನುವ ಕೆಂಪು ಕೊರಕಲು, ತಗ್ಗಿನಲ್ಲಿ ಭತ್ತ. ಮಂಗಳವಾರ ಮತ್ತು ಗುರುವಾರ ಆ ಊರವರು ಗದ್ದೆಗೆ ಇಳಿಯುವುದಿಲ್ಲ. ಅದು ಫಾದಿ, ನಿಷೇಧ. ನಮ್ಮಲ್ಲಿ ಸೋಮವಾರ ಎತ್ತು ಕಟ್ಟದಂತೆಯೇ. ಇದನ್ನು ಕೇಳಿಕೊಳ್ಳದೆ ಹೋದ ನಾನು ಮೊದಲ ವಾರದಲ್ಲಿ ಎರಡು ದಿನದ ಬಾಡಿಗೆ ಜೀಪಿನ ದುಡ್ಡು ಕಳೆದೆ. ಆಮೇಲೆ ಊರ ಮುಖ್ಯಸ್ಥರು ಹಿರಿಯರ ಹೆಸರಿನಲ್ಲಿ ಒಂದಿಷ್ಟು ರಮ್ ನೆಲಕ್ಕೆ ಸುರಿದು ಒಪ್ಪಿಗೆ ಕೊಟ್ಟರು.

ಕೆಸರನ್ನು ಪದರ ಕೆಡದಂತೆ ಉದ್ದಕ್ಕೆ ಎತ್ತುವ ಕೊಳವೆ, ಕೋರರ್, ತರಿಸುವಷ್ಟು ಹಣ ಇರಲಿಲ್ಲ. ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಮೂರಿಂಚಿನ ಪಿವಿಸಿ ಪೈಪು ಕೊಂಡು, ಪಿಸ್ಟನ್ನನ್ನು ಲೇತಿನಲ್ಲಿ ಮಾಡಿಸಿದೆ. ಒಟ್ಟು ಹತ್ತಿರ ಹತ್ತಿರ ಒಂಬತ್ತು ಸಾವಿರ. ಮೊದಲ ನಾಲ್ಕು ಸಲ ಪೈಪು ಎತ್ತಿದಾಗಲೂ ಕೆಸರು ಕೆಳಗಿನಿಂದ ಜಾರಿ ಬಿದ್ದುಹೋಯಿತು. ದಡದಲ್ಲಿ ನಿಂತ ಮಕ್ಕಳಿಗೆ ಪುಕ್ಕಟೆ ಸರ್ಕಸ್ಸು. ತಪ್ಪಿದ್ದದ್ದು ಪಿಸ್ಟನ್ನಿನ ರಬ್ಬರಿನಲ್ಲಿ. ಐದನೆಯ ಸಲ ಯಾವ ರಬ್ಬರು ಹಾಕಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಪ್ರತಿ ಅಡುಗೆಮನೆಯಲ್ಲೂ ಒಂದಿದೆ ಎಂದಷ್ಟೇ ಹೇಳುತ್ತೇನೆ. ಎರಡೂವರೆ ಮೀಟರಿನಷ್ಟು ಕೆಸರು ಮೂರು ತುಂಡಾಗಿ ಬಂತು.

ಅವನ್ನು ಬಾಡಿಗೆ ವ್ಯಾನಿನ ತಲೆಯ ಮೇಲೆ ಕಟ್ಟಿಸಿಕೊಂಡು ರಾಜಧಾನಿಗೆ ಹೊರಟಾಗ ಮಳೆ ಹೊಡೆಯಿತು. ಒಂದು ತುಂಡಿನ ಮೇಲೆ ಬರೆದಿದ್ದ ಬಾಣದ ಗುರುತು ಅಳಿಸಿಹೋಯಿತು. ಮೇಲು ಯಾವುದು, ಕೆಳಗು ಯಾವುದು? ಪೈನ್ ಮರ ಕಾಪಾಡಿತು. ಅದು ಆ ದ್ವೀಪದ್ದಲ್ಲ, ಹೊರಗಿನಿಂದ ತಂದು ನೆಟ್ಟದ್ದು. ಹಾಗಾಗಿ ಅದರ ಪರಾಗ ಮೇಲಿನ ಕೆಲವೇ ಸೆಂಟಿಮೀಟರಿನಲ್ಲಿ ಇರಬೇಕು. ಒಂದು ತುದಿಯ ಕೆಸರನ್ನು ಸ್ಲೈಡಿಗೆ ಹಾಕಿದರೆ ಎರಡು ಗಾಳಿಚೀಲದ ಕಾಳುಗಳು ಮೊಲದ ಕಿವಿಯಂತೆ ಕಂಡವು, ಇನ್ನೊಂದು ತುದಿಯಲ್ಲಿ ಒಂದೂ ಇಲ್ಲ. ಹೊಸಬರಿಗೆ ಒಂದು ಎಚ್ಚರಿಕೆ: ಪೋಡೊಕಾರ್ಪಸ್ಸಿಗೂ ಚೀಲಗಳಿವೆ, ಅದು ಅಲ್ಲಿನದೇ ಮರ. ನಾನು ಅರ್ಧ ದಿನ ಅದನ್ನೇ ಪೈನ್ ಎಂದು ಎಣಿಸಿಕೊಂಡು ಕುಳಿತಿದ್ದೆ.

ದುಡ್ಡು ನಿಜವಾಗಿ ಹೋದದ್ದು ಕಾರ್ಬನ್ ಡೇಟಿಂಗಿಗೆ, ಅಂದರೆ ಇಂಗಾಲದಿಂದ ವಯಸ್ಸು ಅಳೆಯುವುದಕ್ಕೆ. ಒಂದಕ್ಕೆ ಮೂವತ್ತು ಸಾವಿರದ ಸುಮಾರು. ಮೊದಲ ಕಂತಿನ ಐದನ್ನು ಇಡೀ ಕೆಸರಿನ ಮೇಲೆ ಮಾಡಿಸಿದೆ. ಮೂರು ತಲೆಕೆಳಗಾಗಿ ಬಂದವು, ಆಳದ್ದು ಹೊಸದು, ಮೇಲಿನದು ಹಳೆಯದು. ಜೊಂಡಿನ ಬೇರು ಕೆಳಗಿಳಿದು ಹೊಸ ಇಂಗಾಲ ಸೇರಿಸಿತ್ತು, ಲವಾಕದಿಂದ ಕೊಚ್ಚಿ ಬಂದ ಹಳೆಯ ಮಣ್ಣು ಮೇಲೆ ಕುಳಿತಿತ್ತು. ಲಕ್ಷದ ಮೇಲೆ ನೀರಿನಲ್ಲಿ ಹೋಮ. ಎರಡನೆಯ ಕಂತಿಗೆ ಹೆಂಡತಿಯ ಹೆಸರಿನ ಠೇವಣಿ ಮುರಿದೆವು. ಈ ಸಲ ಇಕ್ಕುಳದಲ್ಲಿ ಒಂದೊಂದೇ ಹೆಕ್ಕಿದ ಇದ್ದಿಲನ್ನು ಕಳುಹಿಸಿದೆ. ನಾಲ್ಕೂ ಸಾಲಾಗಿ ಕುಳಿತವು. ಕೊಟ್ಟ ಕೊನೆಯದು ಏಳು ಸಾವಿರ ವರ್ಷದ ಆಸುಪಾಸು.

ಪ್ರಯೋಗಾಲಯದ ಕೆಲಸಕ್ಕೆ ಹೈಡ್ರೋಫ್ಲೋರಿಕ್ ಆಮ್ಲ ಬೇಡ, ಅದರ ವಿಷದ ಹೊಗೆ ಎಳೆಯುವ ಗೂಡೂ ಬೇಡ. ಒಂದು ಘನ ಸೆಂಟಿಮೀಟರ್ ಕೆಸರು, ಬಟ್ಟೆ ಬಿಳುಪಿನ ಬ್ಲೀಚು, ರಾತ್ರಿ ನೆನೆಸುವುದು, 125 ಮೈಕ್ರಾನ್ ಜರಡಿ, ನಿಧಾನದ ನೀರು. ಕೊಳೆತ ಎಲೆ ಬೆಳ್ಳಗಾಗುತ್ತದೆ, ಇದ್ದಿಲು ಕಪ್ಪಾಗಿಯೇ ಉಳಿಯುತ್ತದೆ. ನಲ್ಲಿಯನ್ನು ಜೋರಾಗಿ ಬಿಟ್ಟರೆ ಉದ್ದ ಚೂರು ಮುರಿದು ಗಿಡ್ಡವಾಗುತ್ತದೆ, ಹುಲ್ಲು ಮರವಾಗುತ್ತದೆ. ನನ್ನ ಮೊದಲ ಮೂವತ್ತು ಮಾದರಿಗಳು ಹೀಗೇ ಹಾಳಾದವು. ಆಮೇಲೆ ಫೋಟೊ, ಅದನ್ನು ಅಳೆಯಲು ಇಮೇಜ್‌ಜೆ ಎಂಬ ತಂತ್ರಾಂಶ, ಚೂರಿಗೊಂದು ಉದ್ದ, ಒಂದು ಅಗಲ.

ಮರ ಸುಟ್ಟದ್ದು ಗಿಡ್ಡ, ಹುಲ್ಲು ಸುಟ್ಟದ್ದು ನೀಳ ಎನ್ನುವುದು ಹಳೆಯ ಮಾತು. ಉದ್ದ ಅಗಲದ ಮೂರೂವರೆ ಪಟ್ಟು ದಾಟಿದರೆ ಹುಲ್ಲು ಎನ್ನುತ್ತಾರೆ. ಅದು ಬೇರೆ ದೇಶದ ಹುಲ್ಲಿನ ಅಳತೆ, ನಾನು ನಂಬಲಿಲ್ಲ. ಸಿರಸಿಯ ಮನೆಗೆ ಹೋದಾಗ ನಮ್ಮ ಬೇಣದ ಕರಡ ಹುಲ್ಲು, ದರಕು ಎನ್ನುವ ಉದುರಿದ ಎಲೆ, ನೇರಳೆಯ ಚಕ್ಕೆ ಬೇರೆ ಬೇರೆ ತಗಡಿನ ಡಬ್ಬಿಗೆ ತುಂಬಿ ಬಚ್ಚಲ ಒಲೆಗೆ ಇಟ್ಟೆ. ಆಯಿ ಬಾಗಿಲಲ್ಲಿ ನಿಂತು ನೋಡಿ, ‘ಇದಕ್ಕೆ ಅಷ್ಟು ದೂರ ಹೋಗಿ ಓದಬೇಕಾಗಿತ್ತೋ ತಮ್ಮಾ?’ ಎಂದಳು. ಕರಡ ನಾಲ್ಕು, ನಾಲ್ಕೂವರೆ ಪಟ್ಟು ಬಂತು. ಚಕ್ಕೆ ಎರಡರ ಹತ್ತಿರ. ದರಕು ಮಾತ್ರ ತೊಂದರೆ ಕೊಟ್ಟಿತು, ಎಲೆಯ ನರಗಳು ನೀಳವಾಗಿ ಒಡೆಯುತ್ತವೆ. ಆಮೇಲೆ ಆಂತ್ಸಿರಾಬೆಯಿಂದ ತಂದ ಹುಲ್ಲನ್ನೂ ಅಲ್ಲಿನ ತಾಪಿಯಾ ಮರದ ಕಡ್ಡಿಯನ್ನೂ ಸುಟ್ಟೆ. ಹೆಚ್ಚು ಕಡಿಮೆ ಅದೇ ಲೆಕ್ಕ. ಹಸಿ ಕರಡ, ಒಣ ಕರಡ ಎಂದು ಒಂದು ವಾರ ಆಡಿದ್ದೂ ಉಂಟು; ಅದರಿಂದ ಏನೂ ಹುಟ್ಟಲಿಲ್ಲ, ನೀರು ಮಾತ್ರ ಚೆನ್ನಾಗಿ ಕಾದಿತ್ತು.

ನಕ್ಕವರ ಬಳಿ ಒಂದು ಒಳ್ಳೆಯ ಪ್ರಶ್ನೆಯೂ ಇತ್ತು, ಒಪ್ಪಬೇಕು. ಜವುಗಿನ ಜೊಂಡು ಸುಟ್ಟರೂ ನೀಳ ಚೂರೇ ಅಲ್ಲವೇ? ಹೌದು. ಸುಟ್ಟು ನೋಡಿದೆ, ಅಳತೆಯಲ್ಲಿ ವ್ಯತ್ಯಾಸವೇ ಇಲ್ಲ. ಎಂಟು ತಿಂಗಳು ಅಲ್ಲೇ ಸಿಕ್ಕಿಬಿದ್ದೆ. ದಾರಿ ಸಿಕ್ಕಿದ್ದು ದೊಡ್ಡ ಚೂರುಗಳನ್ನು ನಾನೂರು ಪಟ್ಟು ಹಿಗ್ಗಿಸಿ ನೋಡಿದಾಗ. ಹುಲ್ಲಿನ ಸಿಪ್ಪೆ ಸುಟ್ಟರೂ ಅದರ ಗಿಡ್ಡ ಕೋಶಗಳ ಸಾಲು ಉಳಿದಿರುತ್ತದೆ. ಒಳಗಿನ ಸಿಲಿಕಾ ಕಣ ಡಂಬೆಲ್ಲಿನಂತೆ, ನಡುವೆ ಸಣ್ಣ ಸೊಂಟ. ಜೊಂಡಿನದು ಚೂಪು ಗೋಪುರ. ನೂರು ನೀಳ ಚೂರಿಗೆ ಹೀಗೆ ಗುರುತು ಸಿಗುವುದು ಹತ್ತು ಹನ್ನೆರಡು. ಆದರೆ ಸಿಕ್ಕವುಗಳಲ್ಲಿ ಹೆಚ್ಚಿನವು ಸೊಂಟದವು. ಅಂಥ ಚೂರುಗಳನ್ನು ಬೇಗ ಹುಡುಕಲು ಬೆಳಕನ್ನು ಎಲ್ಲಿಂದ ಬಿಡಬೇಕು ಎಂಬುದನ್ನು ನನ್ನ ವಿದ್ಯಾರ್ಥಿನಿ ಕಂಡುಹಿಡಿದಳು. ಅವಳ ಪ್ರಬಂಧ ಬರುವವರೆಗೆ ಅದು ಅವಳದು.

ಫಲಿತಾಂಶ ಇಷ್ಟು: ಎತ್ತಿದ ಕೆಸರಿನ ತಳದಿಂದಲೇ ಹುಲ್ಲಿನ ಇದ್ದಿಲು ಇದೆ. ನಡುವೆ ಗಿಡ್ಡ ಚೂರು ಹೆಚ್ಚಾಗುವ ಹಂತಗಳಿವೆ, ಅಂದರೆ ಮರವೂ ಬಂದು ಹೋಗಿದೆ. ಕೊನೆಯ ಸಾವಿರ ವರ್ಷದಲ್ಲಿ ಒಟ್ಟು ಇದ್ದಿಲು ಏಕಾಏಕಿ ಏರುತ್ತದೆ. ಅದರಲ್ಲಿ ಜನರ ಕೈ ಇಲ್ಲ ಎನ್ನುವ ಧೈರ್ಯ ನನಗಿಲ್ಲ. ಅಲ್ಲಿ ಇಂದಿಗೂ ತಾಪಿಯಾ ಮರಗಳು ದಪ್ಪ ತೊಗಟೆ ಹೊದ್ದು, ಬುಡದ ಹುಲ್ಲು ಸುಟ್ಟರೂ ಬದುಕಿ ನಿಂತಿವೆ. ಬೆಂಕಿಯ ಪರಿಚಯ ಹಳೆಯದಲ್ಲದಿದ್ದರೆ ಆ ತೊಗಟೆ ಯಾಕೆ? ಆದರೆ ನನ್ನ ಜವುಗನ್ನು ಹಿಡಿದು ಇಡೀ ದ್ವೀಪ ಹುಲ್ಲುಗಾವಲೇ ಆಗಿತ್ತು ಎನ್ನಬೇಡಿ. ವಾಯವ್ಯದ ಅಂಜೋಹಿಬೆ ಗುಹೆಯಲ್ಲಿ ನೀರು ತೊಟ್ಟಿಕ್ಕಿ ಬೆಳೆದ ಸುಣ್ಣದ ಕಂಬದಲ್ಲಿ ಕ್ರಿ.ಶ. 900ರ ಹೊತ್ತಿಗೆ, ನೂರೇ ವರ್ಷದೊಳಗೆ, ಕಾಡು ಹುಲ್ಲಾದ ಗುರುತಿದೆ. ಅಲ್ಲಿ ದನ ಮತ್ತು ಬೆಂಕಿ ಕೂಡಿಯೇ ಬಂದಿರಬೇಕು ಎಂಬ ವಾದ ನನಗೂ ಸರಿ ಕಾಣುತ್ತದೆ. ಹುಲ್ಲು ಕಂಡಲ್ಲೆಲ್ಲ ಸಸಿ ನೆಡುವವರ ಮೇಲೆ ಮಾತ್ರ ನನಗೆ ಸಿಟ್ಟಿದೆ. ಅಲ್ಲೂ, ನಮ್ಮ ಕುದುರೆಮುಖದ ಬದಿಯಲ್ಲೂ.

ಒಂದು ತೂತು ಇನ್ನೂ ಮುಚ್ಚಿಲ್ಲ. ಬಿದಿರೂ ಹುಲ್ಲೇ, ಮಡಗಾಸ್ಕರಿನ ಪೂರ್ವದ ಕಾಡಿನಲ್ಲಿ ಅದರ ಜಾತಿಗಳು ಬಹಳ. ಕಾಡಿನ ಬಿದಿರು ಸುಟ್ಟರೆ ನನ್ನ ಅಳತೆ ಅದನ್ನು ಹುಲ್ಲುಗಾವಲು ಎಂದೀತು. ಸುಟ್ಟು ನೋಡಬೇಕು. ಬಿದಿರಿನ ಗೆಣ್ಣು ಒಲೆಯಲ್ಲಿ ಪಟಾಕಿಯ ಹಾಗೆ ಸಿಡಿಯುತ್ತದೆ, ಹಂಡೆ ತಾಮ್ರದ್ದು, ಆಯಿ ಇನ್ನೂ ಒಪ್ಪಿಲ್ಲ.